ಹನ್ನೊಂದೂಕಾಲರ ಕೂಗು

ಕತ್ತರಿ ಜಾರಿದ್ದು ಸೋಮವಾರ. ವಕೀಲರೊಬ್ಬರ ಕೋಟಿನ ಬಟ್ಟೆಯನ್ನು ಮೇಜಿನ ಮೇಲೆ ಹರಡಿಕೊಂಡು, ಸೀಮೆಸುಣ್ಣದ ಗೆರೆಯ ಮೇಲೆಯೇ ಕತ್ತರಿ ಓಡಿಸುತ್ತ, ದರ್ಜಿ ಕಂಕುಳ ತಿರುವಿಗೆ ಬಂದಿದ್ದ. ಅಷ್ಟರಲ್ಲಿ ಹಿಂದಿನ ಅಡುಗೆಮನೆಯಿಂದ ಕಿವಿ ಸೀಳುವ ಹಾಗೆ ಕೂಗು ಎದ್ದಿತು. ಕೈ ಬೆಚ್ಚಿತು. ಕತ್ತರಿ ಗೆರೆ ಬಿಟ್ಟು ನಾಲ್ಕು ಬೆರಳು ಒಳಕ್ಕೆ ನುಗ್ಗಿತು. ಮೂವತ್ತು ವರ್ಷದ ಕಸುಬಿನಲ್ಲಿ ಅವನು ಇನ್ನೊಬ್ಬರ ಬಟ್ಟೆಗೆ ಇಂಥ ಗಾಯ ಮಾಡಿದ್ದು ಅದೇ ಮೊದಲು.

ಕೂಗಿದ್ದು ಅವನೇ ಕೈಯಾರೆ ಮಾಡಿಟ್ಟ ಯಂತ್ರ. ಬೆಂಕಿಪೊಟ್ಟಣದಷ್ಟು ದೊಡ್ಡ ಬೋರ್ಡು, ಅದರ ಮೇಲೆ ಅವನು ಬರೆದ ಪ್ರೋಗ್ರಾಮನ್ನು ನಡೆಸುವ ಪುಟ್ಟ ಕಪ್ಪು ಚಿಪ್ಪು, ಅಂಕಿ ತೋರಿಸುವ ಒಂದು ಕಿರುಪರದೆ, ಒಂದು ಬಜರ್, ಮತ್ತು ದರ್ಜಿಗಳು ಬೆರಳಿಗೆ ಹಾಕಿಕೊಳ್ಳುವ ಅಂಗುಸ್ತಾನದ ಹಾಗೆ ಕಾಣುವ, ಜಾಲರಿ ಮುಖದ ಗ್ಯಾಸ್ ಸೆನ್ಸರ್. ಗಾಳಿ ಶುದ್ಧವಾಗಿದ್ದರೆ ಪರದೆಯ ಮೇಲೆ ನೂರನಲವತ್ತರ ಆಸುಪಾಸು ಅಂಕಿ. ಗ್ಯಾಸ್ ಸೋಕಿದರೆ ಅಂಕಿ ಏರುತ್ತದೆ. ಮುನ್ನೂರೈವತ್ತು ದಾಟಿದರೆ ಬಜರ್ ಬಾಯಿ ಬಿಡುತ್ತದೆ. ಗ್ಯಾಸ್ ಗಾಳಿಗಿಂತ ಭಾರ, ನೆಲಕ್ಕಿಳಿಯುತ್ತದೆ ಎಂದು ಓದಿದ್ದರಿಂದ ಯಂತ್ರವನ್ನು ಅಡುಗೆ ಕಟ್ಟೆಯ ಕೆಳಗೆ, ನೆಲದಿಂದ ಗೇಣೆತ್ತರದಲ್ಲಿ ಕೂರಿಸಿದ್ದ.

ಮಾಡಿದ್ದು ಅತ್ತೆಗಾಗಿ. ಹೆಂಡತಿಯ ತಾಯಿ ಮೂರು ವರ್ಷದಿಂದ ಇವರ ಜೊತೆಗೇ ಇದ್ದರು. ಕಳೆದ ವರ್ಷ ಬಂದ ಜ್ವರ ಹೋಗುವಾಗ ಅವರ ಮೂಗಿನ ಶಕ್ತಿಯನ್ನೂ ಕಟ್ಟಿಕೊಂಡು ಹೋಯಿತು. ಹಾಲು ಸೀದರೂ ಗೊತ್ತಾಗದು, ಹೂವು ಹಿಡಿದರೂ ಗೊತ್ತಾಗದು. ಆದರೂ ಅಡುಗೆಮನೆ ಬಿಟ್ಟುಕೊಡಲು ಅವರು ತಯಾರಿರಲಿಲ್ಲ. ಒಂದು ಮಧ್ಯಾಹ್ನ ಗಾಳಿಗೆ ಒಲೆ ಆರಿ ಗ್ಯಾಸ್ ಹಾಗೆಯೇ ಸೋರುತ್ತಿದ್ದಾಗ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹೆಂಡತಿ ಅದೇ ಹೊತ್ತಿಗೆ ಮನೆಗೆ ಬಂದದ್ದು ಪುಣ್ಯ. ಅವತ್ತು ಅವಳು ಬಾಗಿಲಲ್ಲೇ ಕುಸಿದು ಕೂತಿದ್ದಳು. ದರ್ಜಿ ಆಗಲೇ ಒಂದು ವರ್ಷದಿಂದ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮೊಬೈಲಿನಲ್ಲಿ ಪಾಠ ನೋಡಿಕೊಂಡು ದೀಪ ಮಿನುಗಿಸುವುದು, ಫ್ಯಾನ್ ತಿರುಗಿಸುವುದು ಎಂದು ಆಟವಾಡುತ್ತಿದ್ದ. ಅವತ್ತಿನಿಂದ ಆಟ ಕೆಲಸವಾಯಿತು.

ಅತ್ತೆ ಅದಕ್ಕೆ ಜೀರುಂಡೆ ಎಂದು ಹೆಸರಿಟ್ಟರು.

ಜೀರುಂಡೆ ಮೊದಲ ವಾರ ದಿನಕ್ಕೆ ಏಳೆಂಟು ಬಾರಿ ಕೂಗಿತು. ಪ್ರತಿ ಸಲವೂ ದರ್ಜಿ ಹೊಲಿಗೆ ಬಿಟ್ಟು ಓಡುವನು. ಒಲೆಯ ಹತ್ತಿರ ನಿಂತು ಮೂಸುವನು. ಸಿಲಿಂಡರಿನ ಕತ್ತಿಗೆ, ರಬ್ಬರ್ ಪೈಪಿಗೆ ಸಾಬೂನು ನೀರು ಬಳಿದು ಗುಳ್ಳೆ ಬರುತ್ತದೆಯೇ ಎಂದು ನೋಡುವನು. ಗುಳ್ಳೆಯಿಲ್ಲ, ವಾಸನೆಯಿಲ್ಲ. ಅಷ್ಟರಲ್ಲಿ ಅತ್ತೆ ಹಿತ್ತಿಲ ಬಾಗಿಲು ತೆಗೆದು ಟವೆಲ್ಲಿನಿಂದ ಬೀಸುತ್ತ, "ಹೋಗು, ಹೋಗು, ನಿನ್ನ ಗಂಟಲು ಕಟ್ಟಿಹೋಗ" ಎಂದು ಶಪಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಅದು ಸುಮ್ಮನಾಗುತ್ತಿತ್ತು.

ಕಾರಣ ಹುಡುಕಲು ಅವನಿಗೆ ಹತ್ತು ದಿನ ಹಿಡಿಯಿತು. ಹೊಲಿಗೆ ಯಂತ್ರದ ಮೋಟಾರಿನ ಪೆಡಲ್ ಒತ್ತಿದ ಕ್ಷಣವೇ ಎಷ್ಟೋ ಬಾರಿ ಕೂಗು ಬರುತ್ತದೆ ಎಂಬುದು ಮೊದಲು ಗಮನಕ್ಕೆ ಬಂತು. ಮಲ್ಟಿಮೀಟರ್ ಹಿಡಿದು ಹೆಂಡತಿಗೆ ಪೆಡಲ್ ಒತ್ತಲು ಹೇಳಿದ. ಐದು ವೋಲ್ಟ್ ಇರಬೇಕಾದ ಜಾಗದಲ್ಲಿ ಮುಳ್ಳು ನಾಲ್ಕಕ್ಕೆ ಕುಸಿದು ಮೇಲೆದ್ದಿತು. ಅಗ್ಗದ ಅಡಾಪ್ಟರಿನ ಕರೆಂಟು ಕುಸಿದಾಗೆಲ್ಲ ಸೆನ್ಸರ್ ತಪ್ಪು ಅಂಕಿ ಹೇಳುತ್ತಿತ್ತು. ಕರೆಂಟಿನ ಸಹವಾಸವೇ ಬೇಡವೆಂದು ಮೊಬೈಲ್ ಚಾರ್ಜ್ ಮಾಡುವ ಬ್ಯಾಟರಿಗೆ ಅದನ್ನು ಜೋಡಿಸಿದ. ಎರಡು ಬ್ಯಾಟರಿ, ದಿನ ಬಿಟ್ಟು ದಿನ ಬದಲಾವಣೆ. ಆಮೇಲೆ ಚುಚ್ಚಿದ್ದ ವೈರುಗಳಲ್ಲಿ ಒಂದು ಸಡಿಲವಾಗಿದ್ದದ್ದು ಸಿಕ್ಕಿತು. ಎಲ್ಲವನ್ನೂ ಬಿಚ್ಚಿ ಬೆಸುಗೆ ಹಾಕಿದ. ಬೆಸುಗೆ ಗಂಟುಗಂಟಾಗಿ, ನೋಡಲು ಅಸಹ್ಯವಾಗಿ ಬಂತು, ಆದರೆ ಗಟ್ಟಿಯಾಗಿತ್ತು.

ಏಳೆಂಟು ಕೂಗು ಒಂದೆರಡಕ್ಕೆ ಇಳಿಯಿತು. ದರ್ಜಿ ಎರಡು ದಿನ ಶಿಳ್ಳೆ ಹಾಕಿಕೊಂಡು ಹೊಲಿದ.

ಆದರೆ ಆ ಒಂದೆರಡು ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. ಬೆಳಿಗ್ಗೆ ಹನ್ನೊಂದೂಕಾಲರ ಸುಮಾರಿಗೆ ಒಂದು, ಕೆಲವು ದಿನ ಮಧ್ಯಾಹ್ನ ಮೂರರ ಸುಮಾರಿಗೆ ಇನ್ನೊಂದು. ಅಂಕಿಗಳನ್ನು ಹೊತ್ತಿನ ಸಮೇತ ಬರೆದಿಡಲು ಮೆಮೊರಿ ಕಾರ್ಡ್ ಸೇರಿಸಿದ. ಸೆನ್ಸರ್ ಬದಲಿಸಿದ. ನೆಲ ಒರೆಸುವ ನೀರಿಗೆ ಅತ್ತೆ ಸುರಿಯುತ್ತಿದ್ದ ಸುವಾಸನೆಯ ದ್ರಾವಣದ ಮೇಲೆ ಗುಮಾನಿ ಬಂದು ಅದನ್ನೂ ನಿಲ್ಲಿಸಿದ. "ನನಗೆ ವಾಸನೆ ಬರಲ್ಲ ಅಂತ ನೀವ್ಯಾರೂ ಚೊಕ್ಕಟವಾಗಿ ಇರೋದು ಬೇಡ್ವಾ?" ಎಂದು ಅತ್ತೆ ಸಿಡುಕಿದರು. ಯಾವುದಕ್ಕೂ ಜೀರುಂಡೆ ಜಗ್ಗಲಿಲ್ಲ.

ಹೆಂಡತಿಗೂ ಸಾಕಾಗಿತ್ತು. ಹಿಂದಿನ ವಾರ ಅತ್ತೆ ಗಾಬರಿಬಿದ್ದು ಅವಳ ವಾರ್ಡಿಗೇ ಫೋನ್ ಮಾಡಿದ್ದರು. ಯಾರದೋ ತೋಳಿಗೆ ಸೂಜಿ ಚುಚ್ಚುತ್ತಿದ್ದವಳು ಅರ್ಧಕ್ಕೆ ಬಿಟ್ಟು ಬರಬೇಕಾಯಿತು.

"ನೋಡ್ರಿ, ಒಂದೋ ಸರಿ ಮಾಡಿ, ಇಲ್ಲ ಬಿಚ್ಚಿ ಮೂಲೆಗಿಡಿ. ಅಮ್ಮನ ರಕ್ತದೊತ್ತಡ ಏರ್ತಿದೆ. ಗ್ಯಾಸಿನಿಂದ ಉಳಿಸೋಕೆ ಹೋಗಿ ನೀವು ಅವರನ್ನ ಹೃದಯಾಘಾತಕ್ಕೆ ಬಲಿ ಕೊಡ್ತೀರಿ."

"ಇನ್ನೊಂದು ವಾರ ಕೊಡು."

"ಅದೇ ಮಾತು ಹೋದ ವಾರವೂ ಹೇಳಿದ್ರಿ."

ಕೋಟಿನ ಬಟ್ಟೆ ಕತ್ತರಿಸಿಹೋದ ಸೋಮವಾರ ಅವನ ತಾಳ್ಮೆಯೂ ಕತ್ತರಿಸಿಹೋಯಿತು. ವಕೀಲರಿಗೆ ಫೋನ್ ಮಾಡಿ, ಮುಖ ಕಾಣದಿದ್ದರೂ ತಲೆ ತಗ್ಗಿಸಿಕೊಂಡು ವಿಷಯ ಹೇಳಿದ. ಆಮೇಲೆ ಹಳೆಯ ಲ್ಯಾಪ್‌ಟಾಪ್ ತೆರೆದು ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದ. ಅಂಕಿ ಮುನ್ನೂರೈವತ್ತು ದಾಟಿದರೆ ಕೂಡಲೇ ಕೂಗಬೇಡ. ಹತ್ತು ನಿಮಿಷ ಹಾಗೆಯೇ ಇದ್ದರೆ ಮಾತ್ರ ಕೂಗು. ಎಲ್ಲರೂ ಹೀಗೆಯೇ ಮಾಡುತ್ತಾರೆ, ಸುಳ್ಳು ಕೂಗು ಸೋಸಲು ಇದೇ ದಾರಿ ಎಂದು ತನಗೆ ತಾನೇ ಹೇಳಿಕೊಂಡ. ನಿಜವಾಗಿ ಅವನಿಗೆ ಬೇಕಾಗಿದ್ದದ್ದು ನೆಮ್ಮದಿ. ಅದು ಅವನಿಗೂ ಗೊತ್ತಿತ್ತು, ಆದ್ದರಿಂದಲೇ ಹೆಂಡತಿಗಾಗಲಿ ಅತ್ತೆಗಾಗಲಿ ಹೇಳಲಿಲ್ಲ. "ಸರಿ ಮಾಡಿದೀನಿ" ಎಂದಷ್ಟೇ ಹೇಳಿದ.

ಮಂಗಳವಾರ ಬೆಳಗಿನಿಂದ ಸಂಜೆವರೆಗೆ ಜೀರುಂಡೆ ಉಸಿರೆತ್ತಲಿಲ್ಲ. ಹೆಂಡತಿ ಊಟಕ್ಕೆ ಕೂತಾಗ, "ಅಂತೂ ಗೆದ್ರಿ" ಎಂದಳು. ಅವನು ತಟ್ಟೆ ನೋಡುತ್ತ ಹೂಂಗುಟ್ಟಿದ.

ಬುಧವಾರ ಅವನು ವಕೀಲರ ಕೋಟಿಗೆ ಹೊಸ ಬಟ್ಟೆ ತಂದು, ಎರಡೆರಡು ಸಲ ಅಳೆದು ಗೆರೆ ಹಾಕುತ್ತಿದ್ದ. ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಂಗಡಿಯ ಕೋಣೆಗೆ ಬಂದರು.

"ಅಳಿಯಂದ್ರೇ, ಇವತ್ತು ನಿಮ್ಮ ಜೀರುಂಡೆಗೆ ಏನಾಗಿದೆ?"

"ಏನೂ ಆಗಿಲ್ಲ ಅತ್ತೆ. ಸರಿ ಮಾಡಿದ್ನಲ್ಲ."

"ಸರಿಯಾಗಿದ್ರೆ ಸರಿ. ಆದ್ರೆ ಮೇಲೆ ಟಕಟಕ ಶುರುವಾಗಿ ಮುಕ್ಕಾಲು ಗಂಟೆಯಾಯ್ತು. ಇಷ್ಟೊತ್ತಿಗೆ ಅದು ಬಡ್ಕೋಬೇಕಿತ್ತಲ್ಲ ಅಂತ ಕೇಳಿದೆ."

ದರ್ಜಿಯ ಕೈಯಲ್ಲಿದ್ದ ಸೀಮೆಸುಣ್ಣ ಅಲ್ಲಿಯೇ ನಿಂತಿತು. ಮೇಲಿನ ಮನೆಯಲ್ಲಿ ಒಬ್ಬ ಅಕ್ಕಸಾಲಿಗ ಇದ್ದ. ಒಂಟಿ ಜೀವ, ಮನೆಯೇ ಕಾರ್ಖಾನೆ. ಅವನ ಸುತ್ತಿಗೆಯ ಸದ್ದಿನ ಬಗ್ಗೆ ದರ್ಜಿ ಒಮ್ಮೆ ದೂರು ಹೇಳಿದ್ದ, ಅಂದಿನಿಂದ ಮೆಟ್ಟಿಲಲ್ಲಿ ಎದುರಾದರೂ ಇಬ್ಬರದೂ ಬಿಗಿದ ಮುಖ.

"ಮೇಲಿನ ಟಕಟಕಕ್ಕೂ ಇದಕ್ಕೂ ಏನು ಸಂಬಂಧ ಅತ್ತೆ?"

"ನನಗೇನು ಗೊತ್ತು? ಮೂಗು ಹೋದ ಮೇಲೆ ಕಿವಿಯೊಂದೇ ಅಲ್ವಾ ನನಗೆ ಉಳಿದಿರೋದು. ಅದು ಶುರುವಾದ ಸ್ವಲ್ಪ ಹೊತ್ತಿಗೆ ಇದು ಕೂಗತ್ತೆ. ಅವನು ಊಟ ಮುಗಿಸಿ ಮತ್ತೆ ಕೂತ್ರೆ ಮತ್ತೆ ಕೂಗತ್ತೆ. ಮಂಗಳವಾರ ಅವನಿಗೂ ರಜೆ, ಇದಕ್ಕೂ ರಜೆ. ನೀವಿಬ್ರೂ ಮಾತಾಡಿಕೊಂಡೇ ಮಾಡ್ತಿದೀರಾ ಅಂತ ನಾನು ನಗ್ತಿದ್ದೆ." ಅಷ್ಟು ಹೇಳಿ ಅವರು, "ಟೀ ಇಡ್ತೀನಿ" ಎಂದು ಒಳಗೆ ಹೋದರು.

ದರ್ಜಿ ಲ್ಯಾಪ್‌ಟಾಪಿನಲ್ಲಿ ಭಾನುವಾರದವರೆಗಿನ ದಾಖಲೆ ತೆರೆದ. ಹನ್ನೊಂದು ಹದಿನಾರು. ಹನ್ನೊಂದು ಹನ್ನೆರಡು. ಮೂರು ಗಂಟೆ ಐದು ನಿಮಿಷ. ಹನ್ನೊಂದು ಇಪ್ಪತ್ತು. ಅಂಕಣದ ಮೇಲೆ ಬೆರಳಿಟ್ಟು ಇಳಿಸಿದ. ಹೋದ ಮಂಗಳವಾರ ಒಂದೂ ಇಲ್ಲ. ಅದರ ಹಿಂದಿನ ಮಂಗಳವಾರವೂ ಇಲ್ಲ. ಹಾಗಾದರೆ ನಿನ್ನೆಯ ಮೌನಕ್ಕೂ ಅವನ ಸಾಲಿಗೂ ಸಂಬಂಧವೇ ಇರಲಿಲ್ಲ.

ಅಕ್ಕಸಾಲಿಗರ ಬಳಿ ಏನಿರುತ್ತದೆ? ಸುತ್ತಿಗೆ, ಅಡೆಗಲ್ಲು. ಬೆಸುಗೆಗೆ ಉರಿ. ಉರಿಗೆ ಗ್ಯಾಸ್.

ಇಷ್ಟು ದಿನ ಕೂಗು ಕೇಳಿದ ಕೂಡಲೇ ಅತ್ತೆ ಹಿತ್ತಿಲ ಬಾಗಿಲು ತೆಗೆಯುತ್ತಿದ್ದರು, ಟವೆಲ್ ಬೀಸುತ್ತಿದ್ದರು. ಇವತ್ತು ಕೂಗಿಲ್ಲ. ಬಾಗಿಲು ಮುಚ್ಚಿಯೇ ಇದೆ.

ಎದ್ದು ಓಡಿದ. ಅಡುಗೆಮನೆಯ ಹೊಸ್ತಿಲಿನಿಂದಲೇ ಕಟ್ಟೆಯ ಕೆಳಗಿನ ಪರದೆ ಕಾಣಿಸಿತು. ಆರುನೂರ ಹನ್ನೆರಡು. ಅತ್ತೆ ಪಾತ್ರೆಗೆ ನೀರು ಸುರಿದು ಒಲೆಯ ಮೇಲಿಟ್ಟು, ಗೋಡೆಯ ಮೊಳೆಯಲ್ಲಿ ತೂಗಿದ್ದ ಲೈಟರಿಗೆ ಕೈ ಚಾಚಿದ್ದರು.

"ಅತ್ತೆ! ಲೈಟರ್ ಮುಟ್ಟಬೇಡಿ!"

ಇಪ್ಪತ್ತಾರು ವರ್ಷದಲ್ಲಿ ಅಳಿಯ ಅವರ ಮೇಲೆ ದನಿ ಎತ್ತಿದವನಲ್ಲ. ಅತ್ತೆ ಕೈ ಚಾಚಿದಂತೆಯೇ ಕಲ್ಲಾದರು.

"ಒಲೆ ತಿರುಗಿಸಿದೀರಾ?"

"ಇಲ್ಲ... ಇನ್ನೂ ಇಲ್ಲ."

"ಏನೂ ಮುಟ್ಟಬೇಡಿ. ಹಾಗೇ ಬನ್ನಿ."

ಅವನು ಸಿಂಕಿನ ಕೆಳಗೆ ಮಂಡಿಯೂರಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಾಗಿದ. ನೀರು ಹೋಗುವ ಕೊಳವೆ ಗೋಡೆಯೊಳಗೆ ಇಳಿಯುವ ಜಾಗದಲ್ಲಿ ಎರಡು ಬೆರಳು ತೂರುವಷ್ಟು ಸಂದು. ಅದರಾಚೆ ಮೇಲಿನ ಮನೆಯಿಂದ ಕೊಳವೆಗಳು ಇಳಿದು ಬರುವ ಕತ್ತಲ ಗೂಡು. ಮೂಗನ್ನು ಆ ಸಂದಿಗೆ ಹಿಡಿದ ಕ್ಷಣ ಕೊಳೆತ ಮೊಟ್ಟೆಯ ವಾಸನೆ ತಲೆಗೇ ಹೊಡೆಯಿತು. ಒಂದು ತಿಂಗಳು ಅವನು ನಿಂತುಕೊಂಡೇ ಮೂಸಿದ್ದ. ಗ್ಯಾಸ್ ನೆಲಕ್ಕಿಳಿಯುತ್ತದೆ ಎಂದು ಓದಿ ಯಂತ್ರವನ್ನು ಕೆಳಗಿಟ್ಟವನಿಗೆ, ತನ್ನ ಮೂಗನ್ನೂ ಕೆಳಗಿಡಬೇಕು ಅನ್ನುವುದು ಹೊಳೆದಿರಲಿಲ್ಲ.

ಹಿಂದೆ ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಆ ಸದ್ದು ಯಾವಾಗ ನಿಂತು ಯಾವಾಗ ಶುರುವಾಗುತ್ತದೋ, ಒಳಗೆ ಎಲ್ಲಿ ಕಿಡಿ ಹಾರುತ್ತದೋ. ಅವನ ಕೈ ಅಭ್ಯಾಸಬಲದಿಂದ ಫ್ಯಾನಿನ ಸ್ವಿಚ್ಚಿನತ್ತ ಹೋಗಿ, ಅರ್ಧದಲ್ಲೇ ಹಿಂದೆ ಬಂತು. ಹಿತ್ತಿಲ ಬಾಗಿಲನ್ನು ಹಾರುಹೊಡೆದು, ಅತ್ತೆಯ ರಟ್ಟೆ ಹಿಡಿದು, ಇನ್ನೊಂದು ಕೈಯಲ್ಲಿ ಬ್ಯಾಟರಿ ಸಮೇತ ಯಂತ್ರವನ್ನು ಕಿತ್ತುಕೊಂಡು, ಮುಂಬಾಗಿಲಿನಿಂದ ಹೊರಗೆ ಬಂದ.

"ನನ್ನ ಕನ್ನಡಕ ಒಳಗಿದೆ" ಎಂದರು ಅತ್ತೆ.

"ಇರ್ಲಿ ಅತ್ತೆ. ರಸ್ತೆ ಆಚೆ ಹೋಗಿ ನಿಂತ್ಕೊಳ್ಳಿ. ನಾನು ಕರೆಯೋ ತನಕ ಬರಬೇಡಿ."

ಮೀಟರ್ ಇದ್ದದ್ದು ಹೊರಗೆ, ಮೆಟ್ಟಿಲ ಕೆಳಗೆ. ಮೇನ್ ಸ್ವಿಚ್ ಇಳಿಸಿದ. ಆಮೇಲೆ ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡಿದ.

ಅಕ್ಕಸಾಲಿಗನ ಬಾಗಿಲು ತೆರೆದೇ ಇತ್ತು. ಕಿಟಕಿಯ ಪಕ್ಕದ ಗಿಡ್ಡ ಮೇಜಿನ ಮುಂದೆ ಅವನು ಕೂತಿದ್ದ. ಎಡಗೈಯಲ್ಲಿ ಚಿಮಟ, ಬಲಗೈಯಲ್ಲಿ ನೀಲಿ ನಾಲಿಗೆ ಚಾಚಿ ಸುಯ್ಯೆನ್ನುವ ಉರಿಯ ಕೊಳವೆ. ಅದರ ಹಿಂದಿನಿಂದ ಉದ್ದನೆಯ ರಬ್ಬರ್ ಪೈಪು ನೆಲದ ಮೇಲೆ ಹರಿದು, ಹಿಂದಿನ ಮುಚ್ಚಿದ ಬಾಗಿಲ ಕೆಳಗೆ ತೂರಿ ಮರೆಯಾಗಿತ್ತು.

"ಬೆಂಕಿ ಆರಿಸಿ" ಎಂದ ದರ್ಜಿ. ಏದುಸಿರಿಗೆ ಮಾತು ಅರ್ಧವೇ ಹೊರಬಂತು.

ಅಕ್ಕಸಾಲಿಗ ಕಣ್ಣೆತ್ತಲಿಲ್ಲ. "ಏನು ಮಾಸ್ಟರೇ, ಮತ್ತೆ ಸುತ್ತಿಗೆ ವಿಷಯಾನಾ?"

"ಸುತ್ತಿಗೆ ಅಲ್ಲ. ನಿಮ್ಮ ಗ್ಯಾಸ್ ಸೋರ್ತಿದೆ. ಕೆಳಗೆ ನಮ್ಮ ಅಡುಗೆಮನೆ ತುಂಬಿದೆ. ಮೊದ್ಲು ಬೆಂಕಿ ಆರಿಸಿ."

"ನನ್ನ ಗ್ಯಾಸ್ ಸೋರಿದ್ರೆ ನನಗೆ ವಾಸನೆ ಬರಲ್ವಾ? ನಿಮ್ಮ ಆ ಪೀಪಿ ಹೇಳ್ತಾ ಇದನ್ನ? ಒಂದು ತಿಂಗಳಿಂದ ಕೇಳ್ತಿದೀನಿ ಅದರ ಅರಚಾಟ. ಬೆಸುಗೆ ಈಗ ಕರಗಿ ಹರೀತಿದೆ, ಎರಡು ನಿಮಿಷ ನಿಂತ್ಕೊಳ್ಳಿ."

ದರ್ಜಿ ಯಂತ್ರವನ್ನು ಹಿಂದಿನ ಬಾಗಿಲ ಸಂದಿಯ ಹತ್ತಿರ ನೆಲದ ಮೇಲಿಟ್ಟ. ಅಂಕಿ ನೋಡನೋಡುತ್ತ ಏಳುನೂರು ದಾಟಿತು. ಸಿಲಿಂಡರ್ ಆ ಬಾಗಿಲ ಹಿಂದಿತ್ತು. ಬಾಗಿಲು ತೆಗೆದು ಅದನ್ನು ನಿಲ್ಲಿಸಿಬಿಡಲೇ ಎಂದು ಚಿಲಕದ ಮೇಲೆ ಕೈಯಿಟ್ಟವನು ಅಲ್ಲಿಯೇ ತಡೆದ. ಬಾಗಿಲು ತೆರೆದರೆ ಒಳಗೆ ತುಂಬಿರುವುದೆಲ್ಲ ಈ ಕೋಣೆಗೆ ಹರಿಯುತ್ತದೆ. ಈ ಕೋಣೆಯಲ್ಲಿ ಉರಿ ಇದೆ. ಉರಿ ಹಿಡಿದ ಮನುಷ್ಯ ತನ್ನನ್ನು ನಂಬುತ್ತಿಲ್ಲ. ನಂಬುವುದಾದರೂ ಹೇಗೆ? ಒಂದು ತಿಂಗಳು ಕೂಗಿದಾಗ ತಾನೇ ಅದನ್ನು ನಂಬಿರಲಿಲ್ಲ.

"ದಮ್ಮಯ್ಯ ಅಂತೀನಿ" ಎಂದ. "ಆಮೇಲೆ ಬೇಕಾದ್ರೆ ನಾಲ್ಕು ಬೈರಿ."

"ಚಿನ್ನ ಯಾರದ್ದು ಗೊತ್ತಾ? ಕೆಟ್ರೆ ಯಾರು..."

"ತಮ್ಮಾ."

ಬಾಗಿಲಲ್ಲಿ ಅತ್ತೆ ನಿಂತಿದ್ದರು. ರಸ್ತೆಯಾಚೆ ನಿಲ್ಲಿ ಎಂದರೆ, ನೋಯುವ ಮಂಡಿಯಲ್ಲಿ ಹದಿನೆಂಟು ಮೆಟ್ಟಿಲು ಹತ್ತಿ ಬಂದಿದ್ದರು. ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ, ಉರಿ ಎಲ್ಲಿದೆ ಎಂದು ಸದ್ದಿನಿಂದ ಹುಡುಕುವವರಂತೆ ಅವರ ಮುಖ ಅತ್ತ ತಿರುಗಿತು.

"ತಮ್ಮಾ, ನನಗೆ ವಾಸನೆ ಬರಲ್ಲ. ಸತ್ತು ಬಿದ್ದಿದ್ರೂ ಗೊತ್ತಾಗ್ತಿರಲಿಲ್ಲ. ಈಗ ತಾನೇ ಲೈಟರ್ ಹಿಡಿಯೋಕೆ ಹೋಗಿದ್ದೆ. ನಿನ್ನ ಕೆಲಸ ಕೆಟ್ರೆ ನನ್ನ ಬಳೆ ಬಿಚ್ಚಿ ಕೊಡ್ತೀನಿ, ಕರಗಿಸಿ ಹೊಸದು ಮಾಡು. ಅದನ್ನ ಆರಿಸು."

ಅಕ್ಕಸಾಲಿಗ ಅವರ ಮುಖ ನೋಡಿದ, ನೆಲದ ಮೇಲಿನ ಅಂಕಿ ನೋಡಿದ. ಹೆಬ್ಬೆರಳಿನಿಂದ ಕೊಳವೆಯ ತಿರುಪು ತಿರುಗಿಸಿದ. ನೀಲಿ ನಾಲಿಗೆ ಕುಗ್ಗಿ, ಟಪ್ ಎಂದು ಆರಿತು.

ಕಿಟಕಿಗಳನ್ನೆಲ್ಲ ತೆರೆದ ಮೇಲೆ ದರ್ಜಿ ಚಿಲಕ ತೆಗೆದ. ಬಾಗಿಲಾಚೆ ಮುರಿದ ಕುರ್ಚಿ, ಬಕೆಟ್ಟು ತುಂಬಿದ ಚಿಕ್ಕ ಜಾಗ, ಮೂಲೆಯಲ್ಲಿ ಸಿಲಿಂಡರ್, ಅದರ ಪಕ್ಕದಲ್ಲೇ ಕೊಳವೆಗಳ ಗೂಡಿಗೆ ತೆರೆದುಕೊಂಡ ಚೌಕ ಬಾಯಿ. ಪಾರಿವಾಳ ನುಗ್ಗುತ್ತವೆಂದು ಮುಚ್ಚಿಟ್ಟ ಬಾಗಿಲು ತೆರೆದದ್ದೇ ವಾಸನೆ ಮುಖಕ್ಕೆ ಅಪ್ಪಳಿಸಿತು. ಅಕ್ಕಸಾಲಿಗ ತೋಳಿನಿಂದ ಮೂಗು ಮುಚ್ಚಿಕೊಂಡು ಒಳನುಗ್ಗಿ ಸಿಲಿಂಡರಿನ ಬಾಯಿ ಬಿಗಿದ. ಗಾಳಿ ತಿಳಿಯಾಗುವವರೆಗೆ ಮೂವರೂ ಕೆಳಗಿಳಿದು ರಸ್ತೆಯಲ್ಲಿ ನಿಂತರು. ಅಂಕಿ ಇನ್ನೂರಕ್ಕಿಳಿದ ಮೇಲೆ ಗಂಡಸರಿಬ್ಬರೂ ಸಾಬೂನು ನೀರು ಹಿಡಿದು ಮತ್ತೆ ಹತ್ತಿದರು. ಪೈಪನ್ನು ಸಿಲಿಂಡರಿಗೆ ಬಿಗಿದ ಪಟ್ಟಿಯ ಕೆಳಗೆ ರಬ್ಬರ್ ಒಣಗಿ ಉಗುರಿನಷ್ಟು ಬಿರುಕು. ದರ್ಜಿ ನೊರೆ ಬಳಿದ, ಅಕ್ಕಸಾಲಿಗ ಕೂದಲೆಳೆಯಷ್ಟು ತಿರುಪು ಸಡಿಲಿಸಿದ. ನೊರೆ ಒಮ್ಮೆಲೇ ಉಬ್ಬಿ, ಗುಳ್ಳೆಯ ಮೇಲೆ ಗುಳ್ಳೆ ಏರಿತು.

ಅಕ್ಕಸಾಲಿಗ ತಿರುಪು ಬಿಗಿದು ಅಲ್ಲಿಯೇ ಕುಕ್ಕರಗಾಲಲ್ಲಿ ಕೂತ.

"ಊಟ ಆದ ಮೇಲೆ ನಾನು ಇಲ್ಲೇ ನಿಂತು ಸಿಗರೇಟು ಸೇದೋದು" ಎಂದ. "ಸೇದಿ ಮುಗಿಸಿ ಸಿಲಿಂಡರ್ ತಿರುಗಿಸ್ತೀನಿ. ಯಾವತ್ತೂ ಆ ಕ್ರಮ ತಪ್ಪಿಲ್ಲ." ಬಿರುಕಿನ ಮೇಲೆ ಬೆರಳಾಡಿಸಿ, "ಒಂದು ದಿನ ತಪ್ಪಿದ್ರೆ..." ಎಂದು ಅಲ್ಲಿಗೇ ಬಿಟ್ಟ.

"ವಾಸನೆ ಬರ್ತಿರಲಿಲ್ವಾ?"

"ದಿನವಿಡೀ ಆ್ಯಸಿಡ್ಡು, ಹೊಗೆ. ನನ್ನ ಮೂಗೇನು ಅಜ್ಜಿಯ ಮೂಗಿಗಿಂತ ಮೇಲಾ?"

ಮಧ್ಯಾಹ್ನ ಮನೆ ಮತ್ತೆ ಮನೆಯಂತಾದ ಮೇಲೆ ದರ್ಜಿ ಲ್ಯಾಪ್‌ಟಾಪ್ ಮುಂದೆ ಕೂತ. ಒಂದು ಪ್ರಶ್ನೆ ಅವನನ್ನು ಕೊರೆಯುತ್ತಿತ್ತು. ಇವತ್ತಿನ ದಾಖಲೆಯಲ್ಲಿ ಅಂಕಿ ಮುನ್ನೂರೈವತ್ತು ದಾಟಿದ್ದು ಹನ್ನೊಂದು ಹದಿನೈದಕ್ಕೆ. ಅವನು ಅಡುಗೆಮನೆಗೆ ಓಡಿದ್ದು ಹನ್ನೊಂದು ಮೂವತ್ತೆಂಟಕ್ಕೆ. ನಡುವೆ ಇಪ್ಪತ್ತಮೂರು ನಿಮಿಷ. ಹತ್ತು ನಿಮಿಷಕ್ಕೆ ಕೂಗಬೇಕಾದದ್ದು ಯಾಕೆ ಕೂಗಲಿಲ್ಲ?

ಸಾಲನ್ನು ಮತ್ತೆ ಮತ್ತೆ ಓದಿದ. ಮೂರನೆಯ ಸಲಕ್ಕೆ ಕಣ್ಣಿಗೆ ಬಿತ್ತು. ಚಿಪ್ಪು ಹೊತ್ತನ್ನು ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಎಣಿಸುತ್ತದೆ. ಹತ್ತು ನಿಮಿಷವೆಂದರೆ ಆರು ಲಕ್ಷ. ಆ ಎಣಿಕೆ ಇಟ್ಟುಕೊಳ್ಳಲು ಅವನು ಕೊಟ್ಟಿದ್ದ ಜಾಗವೋ ತೀರಾ ಚಿಕ್ಕದು. ಮೂವತ್ತೆರಡು ಸಾವಿರ ಚಿಲ್ಲರೆ ದಾಟಿದರೆ ಅದು ತುಂಬಿ, ತಿರುಗಿ ಸೊನ್ನೆಗಿಂತ ಕೆಳಗಿನಿಂದ ಎಣಿಸತೊಡಗುತ್ತದೆ. ಆರು ಲಕ್ಷವನ್ನು ಅದು ಯಾವತ್ತೂ ಮುಟ್ಟಲಾರದು. ಹತ್ತು ನಿಮಿಷವಲ್ಲ, ಹತ್ತು ದಿನ ಕಳೆದರೂ ಜೀರುಂಡೆ ಕೂಗುತ್ತಿರಲಿಲ್ಲ. ಅವನು ಅದಕ್ಕೆ ತಾಳ್ಮೆ ಕಲಿಸಿರಲಿಲ್ಲ, ಗಂಟಲನ್ನೇ ಕಟ್ಟಿದ್ದ.

 

ಹೆಂಡತಿ ನಾಲ್ಕಕ್ಕೆ ಬಂದಳು. ಅತ್ತೆ ಬಾಗಿಲಲ್ಲೇ ಹಿಡಿದುಕೊಂಡು ಎಲ್ಲವನ್ನೂ ಒಪ್ಪಿಸಿದರು. ಅವರ ವರದಿಯಲ್ಲಿ ಅಳಿಯ ಮಹಾಶೂರ. ಹೆಂಡತಿ ಬಂದು ಅವನ ಭುಜದ ಮೇಲೆ ಕೈಯಿಟ್ಟಳು. ಆ ಕೈಯ ಭಾರ ತಡೆಯಲಾರದೆ ಅವನು ಉಳಿದದ್ದನ್ನೂ ಹೇಳಿಬಿಟ್ಟ. ಸೋಮವಾರದ ಸಾಲು, ಅದರಲ್ಲಿದ್ದ ತಪ್ಪು, ಇಪ್ಪತ್ತಮೂರು ನಿಮಿಷ.

ಕೈ ಹಿಂದೆ ಸರಿಯಿತು.

"ವಾರ್ಡಿನಲ್ಲಿ ಹಾಸಿಗೆ ಹಾಸಿಗೆಗೆ ಒಂದೊಂದು ಯಂತ್ರ ಕೂಗ್ತಾ ಇರತ್ತೆ" ಎಂದಳು ಅವಳು, ಕಿಟಕಿಯತ್ತ ನೋಡುತ್ತ. "ರೋಗಿ ಮಗ್ಗುಲಾದ್ರೂ ಕೂಗತ್ತೆ, ವೈರ್ ಜಾರಿದ್ರೂ ಕೂಗತ್ತೆ. ನಾವೂ ಸದ್ದು ಕಡಿಮೆ ಮಾಡ್ತೀವಿ. ಮಾಡಿಲ್ಲ ಅಂತ ನಾನು ಹೇಳಲ್ಲ. ಆದ್ರೆ ಮಾಡಿದ್ರೆ ಪಕ್ಕದವಳಿಗೆ ಹೇಳಿ ಹೋಗ್ತೀವಿ. ಸದ್ದು ತಗ್ಗಿಸಿದೀನಿ, ಕಣ್ಣಿಟ್ಟಿರು ಅಂತ." ಆಮೇಲೆ ಅವನತ್ತ ತಿರುಗಿದಳು. "ನೀವು 'ಸರಿ ಮಾಡಿದೀನಿ' ಅಂದ್ರಿ. ನಾನು 'ಗೆದ್ರಿ' ಅಂದೆ. ಆಗಲೂ ಹೇಳಲಿಲ್ಲ."

ಅವಳು ಎರಡು ದಿನ ಬೇಕಾದಷ್ಟೇ ಮಾತಾಡಿದಳು.

ಅತ್ತೆ ಮಾತ್ರ ಆ ಸಾಲನ್ನು ನೋಡಲೇಬೇಕೆಂದು ಹಟ ಹಿಡಿದರು. ಕನ್ನಡಕ ಏರಿಸಿಕೊಂಡು ಪರದೆಯ ಮುಂದೆ ಕೂತರು. "ಓದಿ ಹೇಳಿ. ನಮ್ಮ ಮಾತಿನಲ್ಲಿ ಹೇಳಿ."

"ಅಂಕಿ ಜಾಸ್ತಿಯಾದ್ರೂ ಹತ್ತು ನಿಮಿಷ ಸುಮ್ಮನಿರು. ಆಮೇಲೆ ಕೂಗು."

"ಇಷ್ಟೇ ತಾನೇ? ನನಗೆ ಹೇಳಿದ್ರೆ ಆಗ್ತಿತ್ತು, ಅಳಿಯಂದ್ರೇ. ಹತ್ತು ನಿಮಿಷ ನಾನೇ ಹಿತ್ತಿಲಲ್ಲಿ ಕೂತು ಬರ್ತಿದ್ದೆ. ನನಗೆ ಕೋಪ ಶಬ್ದದ ಮೇಲೆ, ಜೀರುಂಡೆ ಮೇಲಲ್ಲ." ಎದ್ದು ಹೋಗುವಾಗ ಮತ್ತೆ ಹೇಳಿದರು: "ಅದನ್ನ ಅಳಿಸಿ. ನನ್ನ ಕಣ್ಣೆದುರೇ ಅಳಿಸಿ."

ಅವನು ಅಳಿಸಿದ. ಆ ಸಾಲಿಲ್ಲದ ಪ್ರೋಗ್ರಾಮನ್ನು ಚಿಪ್ಪಿಗೆ ತುಂಬಿಸಿ, ಹಿತ್ತಿಲಲ್ಲಿ ಸಿಗರೇಟು ಲೈಟರಿನ ಗ್ಯಾಸನ್ನು ಉರಿಸದೆ ಸೆನ್ಸರಿನ ಮುಂದೆ ಬಿಟ್ಟು ಮೂರು ಸಲ ಕೂಗಿಸಿ ತೋರಿಸಿದ. ಮೂರು ಸಲವೂ ಅತ್ತೆ ಕಿವಿ ಮುಚ್ಚಿಕೊಂಡು ತಲೆಯಾಡಿಸಿದರು. ಕೊಳವೆಯ ಸುತ್ತಲಿನ ಸಂದನ್ನು ಮಾರನೆಯ ದಿನ ಸಿಮೆಂಟಿನಿಂದ ಮುಚ್ಚಿಸಿದ.

ಆ ವಾರ ಅವನು ಬೇರೆ ಬೋರ್ಡುಗಳನ್ನು ಮುಟ್ಟಲಿಲ್ಲ. ಶನಿವಾರ ಅಕ್ಕಸಾಲಿಗ ಅಂಗಡಿಯ ಕೋಣೆಗೆ ಬಂದು, ಹೊಲಿಯಲು ತಂದ ಬಟ್ಟೆಯೇನೂ ಇಲ್ಲದೆ ಸುಮ್ಮನೆ ನಿಂತ. ಹೊಸ ಪೈಪು ಹಾಕಿಸಿದ್ದನ್ನು ಹೇಳಿದ. ಸಿಲಿಂಡರನ್ನು ಕಿಟಕಿಯ ಬಳಿಗೆ ತಂದದ್ದನ್ನು ಹೇಳಿದ. ಕೊನೆಗೆ ಕೇಳಿದ.

"ನನಗೂ ಒಂದು ಮಾಡ್ಕೊಡ್ತೀರಾ, ಮಾಸ್ಟರೇ?"

"ನನ್ನ ಮೇಲೆ ನಂಬಿಕೆ ಇದೆಯಾ? ಏನು ಮಾಡಿದ್ದೆ ಅಂತ ಗೊತ್ತಲ್ಲ." ದರ್ಜಿ ಆ ಹೊತ್ತಿಗೆ ಅವನಿಗೂ ಎಲ್ಲವನ್ನೂ ಹೇಳಿಯಾಗಿತ್ತು.

"ಗೊತ್ತು. ಪೈಪಿನ ಬಿರುಕು ಎಷ್ಟು ದಿನದಿಂದ ಇತ್ತು ಅಂತ ನನಗೂ ಗೊತ್ತಿಲ್ಲ." ಅವನು ಮೇಜಿನ ಮೇಲಿದ್ದ ಯಂತ್ರವನ್ನು ಕೈಗೆತ್ತಿಕೊಂಡು, ತಿರುಗಿಸಿ ಬೆನ್ನು ನೋಡಿದ. ಗಂಟುಗಂಟಾದ ಬೆಸುಗೆ ಕಂಡು ಹುಬ್ಬು ಗಂಟಿಕ್ಕಿತು. "ಇದೇನ್ರೀ ಇದು? ಮಣ್ಣು ಮೆತ್ತಿದಂಗಿದೆ. ಇದನ್ನ ಬೆಸುಗೆ ಅಂತೀರಾ?"

"ನಾನು ಬಟ್ಟೆ ಹೊಲಿಯೋನು."

"ಗೊತ್ತಾಗತ್ತೆ."

ಭಾನುವಾರ ಬೆಳಿಗ್ಗೆ ಇಬ್ಬರೂ ಅಕ್ಕಸಾಲಿಗನ ಕಿಟಕಿಯ ಪಕ್ಕದ ಗಿಡ್ಡ ಮೇಜಿನ ಮುಂದೆ ಕೂತರು. ದರ್ಜಿ ಸೆನ್ಸರಿನ ಯಾವ ಕಾಲು ಬೋರ್ಡಿನ ಯಾವ ತೂತಿಗೆ ಎಂದು ತೋರಿಸಿದ. ಅಕ್ಕಸಾಲಿಗ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಹಿಡಿದು, ಸಾಸಿವೆಯಷ್ಟು ಹೊಳೆಯುವ ಹನಿಗಳನ್ನು ಸಾಲಾಗಿ ಇಳಿಸಿದ. ಸಂಜೆಗೆ ಅಂಕಿ ಬಂತು. ಆದರೆ ನೂರನಲವತ್ತಲ್ಲ, ಇನ್ನೂರ ತೊಂಬತ್ತು.

"ಸೋರ್ತಿದೆಯಾ?" ಅಕ್ಕಸಾಲಿಗ ಧಡಕ್ಕನೆ ಎದ್ದ.

"ಇರಿ. ಹೊಸ ಸೆನ್ಸರ್ ಒಂದೆರಡು ದಿನ ಬಿಸಿಯಾಗಿ ಹದಕ್ಕೆ ಬರಬೇಕು. ಅದಕ್ಕೇ ಇರಬಹುದು" ಎಂದ ದರ್ಜಿ. ಎಂದವನು ಆ ಮಾತು ತನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು ಎಂದು ಬೆಚ್ಚಿದ. ಎದ್ದು ಸಾಬೂನು ನೀರಿನ ಬಟ್ಟಲು ತಂದ. ಅಕ್ಕಸಾಲಿಗ ಸಿಲಿಂಡರಿನ ಪಕ್ಕದಲ್ಲಿ ನೆಲದ ಮೇಲೆ ಬೋರಲಾಗಿ ಮಲಗಿ ಮೂಗು ಚಾಚಿದ. ದರ್ಜಿ ಒಂದೊಂದೇ ಸಂದಿಗೆ ನೊರೆ ಬಳಿಯುತ್ತ ಹೋದ.

ಗುಳ್ಳೆ ಬರಲಿಲ್ಲ. ಆದರೂ ಇಬ್ಬರೂ ಮತ್ತೊಮ್ಮೆ ಮೊದಲಿನಿಂದ ನೋಡಿದರು.